ಮೂರು ಸೇರು ದಾಣಿ

ನಮ್ಮ ಊರಿನಲ್ಲಿ ಯಾವ ಮನೆಯ ಕುದುರೆ ಸಾಯುತ್ತದೋ ಆ ಮನೆಯವರ ಬಾಯಿ ನಿಂತುಹೋಗುತ್ತದೆ. ಇನ್ನೊಂದು ಕುದುರೆಯನ್ನು ತಂದು ಲಾಯದಲ್ಲಿ ಕಟ್ಟುವವರೆಗೆ ಮುದುಕಿಯಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಯಾರ ಗಂಟಲಿಂದಲೂ ಒಂದು ಸೊಲ್ಲು ಹೊರಡುವುದಿಲ್ಲ. ಬೇರೆ ಊರುಗಳಲ್ಲಿ ಜನ ಕುದುರೆಯೇ ಇಲ್ಲದೆ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಾರಂತೆ. ಮಾತಾಡಲಿ. ನಮ್ಮಲ್ಲಿ ಹೀಗೆ. ಕುದುರೆ ಸತ್ತ ಮನೆಯ ಹೆಂಗಸರು ಸೆರಗಿನ ತುದಿಗೆ ಗೆಜ್ಜೆ ಕಟ್ಟಿಕೊಂಡು ಓಡಾಡುತ್ತಾರೆ, ಗಂಡಸರು ತಟ್ಟೆ ಬಡಿದು ಜಗಳವಾಡುತ್ತಾರೆ, ಹೆಣ್ಣು ನೋಡಲು ಬಂದವರು ಹುಡುಗಿಯ ಮುಖ ನೋಡುವ ಮೊದಲು ಹಿತ್ತಲಿಗೆ ಹೋಗಿ ಕುದುರೆಯ ಹಲ್ಲು ನೋಡಿ ಬರುತ್ತಾರೆ. ಕುದುರೆ ಬಡಕಲಾದರೆ ಮನೆಯವರ ದನಿಯೂ ಸಣ್ಣಗಾಗುತ್ತದೆ. ಕೊಬ್ಬಿದ ಮೂರು ಕುದುರೆ ಇರುವವನ ದನಿ ಮೂರು ಬೀದಿಗೆ ಕೇಳಿಸುತ್ತದೆ. ಅವನ ತಲೆಯಲ್ಲಿ ಏನಾದರೂ ಇದೆಯೋ ಇಲ್ಲವೋ ಎಂದು ಯಾರೂ ವಿಚಾರಿಸುವುದಿಲ್ಲ.

ಅಂಥ ದನಿ ಸಂಪಂಗಿರಾಯರದು. ಅವರು ದಾಣಿ ಮನೆಯ ಪಾರುಪತ್ತೇಗಾರರು. ದಾಣಿ ಮನೆ ಎಂದರೆ ಊರಿನ ಕುದುರೆಗಳಿಗೆಲ್ಲ ದಿನದ ಕಾಳು ಅಳೆದು ಕೊಡುವ ಜಾಗ. ನಮ್ಮ ಗುಡ್ಡದ ಹುಲ್ಲು ಬರೀ ನಾರು, ಅದನ್ನೇ ನಂಬಿದರೆ ಕುದುರೆ ಉಳಿಯುವುದಿಲ್ಲ. ಹಾಗಾಗಿ ಕುದುರೆಗೆ ಮೂರು ಸೇರು ದಾಣಿ, ಹಿತ್ತಾಳೆಯ ಸೇರಿನಲ್ಲಿ ತುಂಬಿ, ಮೇಲೆ ಕೋಲೆಳೆದು ಮಟ್ಟಮಾಡಿ, ದಿನಕ್ಕೊಂದು ಸಲ. ಊರು ಕಟ್ಟಿದವನು ಹಾಗೆ ಹೇಳಿ ಸತ್ತನಂತೆ. ಆ ಸೇರಿಗೆ ಮಖಮಲ್ಲಿನ ದಿಂಬು ಬೇರೆ ಇದೆ. ಶುಕ್ರವಾರ ಹುಣಸೆಹಣ್ಣು ಹಚ್ಚಿ ತೊಳೆದು ಕುಂಕುಮ ಇಡುತ್ತಾರೆ. ರಾಯರು ಅದನ್ನು ಎತ್ತಿಕೊಳ್ಳುವ ರೀತಿ ನೋಡಿದರೆ ಮೊದಲ ಮೊಮ್ಮಗನನ್ನು ಎತ್ತಿಕೊಂಡ ಹಾಗಿರುತ್ತದೆ. ಅಷ್ಟೆಲ್ಲ ಪೂಜೆ ಮಾಡಿದವರಿಗೆ ಅದರೊಳಗೆ ಏನು ತುಂಬುತ್ತಿದ್ದೇವೆ ಎಂದು ನೋಡುವಷ್ಟು ಪುರುಸೊತ್ತು ಸಿಗಲಿಲ್ಲ, ಪಾಪ.

ನಾನು ಹೊನ್ನಮ್ಮ. ನನ್ನ ಗಂಡ ಮಾದಯ್ಯ ಜೀನು ಹೊಲಿಯುವವರು. ಎಂಟು ವರ್ಷದ ಹಿಂದೆ ಅವರ ಕಣ್ಣು ಪೂರ್ತಿ ಹೋಯಿತು. ಕೈ ಹೋಗಲಿಲ್ಲ. ಈಗಲೂ ಅವರು ಹೊಲಿದ ಜೀನಿನಲ್ಲಿ ಒಂದು ಹೊಲಿಗೆ ಆಚೀಚೆ ಇರುವುದಿಲ್ಲ, ಯಾವ ಚೀಲ ಕೈಗೆ ಕೊಟ್ಟರೂ ಎಷ್ಟಿದೆ ಎಂದು ಸರಿಯಾಗಿ ಹೇಳಿಬಿಡುತ್ತಾರೆ. ನಮಗೆ ಮಕ್ಕಳಿಲ್ಲ. ಬೂದಿ ಎಂಬ ಒಂದು ಹೆಣ್ಣುಕುದುರೆ. ಬೆಳಗಾದರೆ ನಾನು ಜಗುಲಿಯಲ್ಲಿ ಅವರ ಪಕ್ಕ ಕೂತು ಬೀದಿಯನ್ನು ಹೇಳುತ್ತಿದ್ದೆ. ಯಾರು ಹೋದರು, ಏನು ಉಟ್ಟಿದ್ದರು, ಯಾವ ಮುಖ ಹೊತ್ತುಕೊಂಡು ಹೋದರು. ಊರನ್ನು ಅವರು ನೋಡುತ್ತಿದ್ದುದು ನನ್ನ ನಾಲಿಗೆಯಿಂದ. ಅವರ ಪಾಲಿನ ಊರಿನಲ್ಲಿ ದಡ್ಡರ ಸಂಖ್ಯೆ ನಿಜಕ್ಕಿಂತ ಸ್ವಲ್ಪ ಹೆಚ್ಚಿದ್ದರೆ ಅದು ನನ್ನ ತಪ್ಪು. ನಾನು ಬೈಯುತ್ತಾ ಹೋಗುತ್ತಿದ್ದೆ, ಅವರು ದಾರಕ್ಕೆ ಮೇಣ ಹಚ್ಚುತ್ತಾ ನಗುತ್ತಿದ್ದರು.

ಬೂದಿ ಸತ್ತರೆ ಏನಾಗುತ್ತದೆಂದು ನನಗೆ ಗೊತ್ತಿತ್ತು. ನನ್ನ ಬಾಯಿ ನಿಲ್ಲುತ್ತದೆ, ಅವರ ಬಾಯಿಯೂ ನಿಲ್ಲುತ್ತದೆ. ಕಣ್ಣಿರುವವರು ಸನ್ನೆ ಮಾಡಿಕೊಂಡು ಹೇಗೋ ಸಂಸಾರ ತೂಗಿಸುತ್ತಾರೆ. ಕಣ್ಣಿಲ್ಲದ ಮನುಷ್ಯನ ಮುಂದೆ ಹೆಂಡತಿ ಮೂಕಿಯಾಗಿ ನಿಂತರೆ ಅವರ ಪಾಲಿಗೆ ಮನೆಯಲ್ಲಿ ಯಾರೂ ಇಲ್ಲ. ಕುದುರೆ ಮಾರುವವರು ನಮ್ಮ ಕಡೆ ಬರುವುದು ನಾಲ್ಕು ವರ್ಷಕ್ಕೊಮ್ಮೆ. ಹೋದ ವರ್ಷವಷ್ಟೇ ಬಂದು ಹೋಗಿದ್ದರು. ನನಗಿದ್ದ ಹೆದರಿಕೆ ಇದೊಂದೇ, ಉಳಿದ ಯಾವುದಕ್ಕೂ ನಾನು ಹೆದರಿದವಳಲ್ಲ.

ಹಿಂದಿನಿಂದಲೂ ದಾಣಿ ಎಂದರೆ ಹುರುಳಿ. ಹೋದ ವರ್ಷ ಹುರುಳಿ ಬರುವ ದಾರಿಯಲ್ಲಿ ಸೇತುವೆ ಕುಸಿಯಿತು. ಗಾಡಿಗಳು ನಿಂತವು. ಹುರುಳಿಯ ಬದಲು ಊರಿನ ಗಿರಣಿಯ ಗೋದಿ ಬೂಸ ಕೊಡುವುದೆಂದು ತೀರ್ಮಾನವಾಯಿತು. ಎಷ್ಟು? ಮೂರು ಸೇರು. ಅದೇ ಸೇರು, ಅದೇ ಕೋಲು, ಅದೇ ಕುಂಕುಮ. ಮೊದಲ ದಿನ ನಾನು ಚೀಲ ತಂದು ಗಂಡನ ಕೈಗೆ ಕೊಟ್ಟೆ. ಅವರು ಒಮ್ಮೆ ಎತ್ತಿ ಇಳಿಸಿದರು.

"ಹೊನ್ನೀ, ಇನ್ನೊಂದು ಚೀಲ ಎಲ್ಲಿ?"

"ಇನ್ಯಾವ ಚೀಲ? ಇಷ್ಟೇ ಕಣ್ರೀ. ಮೂರು ಸೇರು."

"ಮೂರು ಸೇರು ಇರಬೋದು. ಇದರಲ್ಲಿ ಕುದುರೆ ತಿನ್ನೋದು ಮುಕ್ಕಾಲು ಸೇರಿನಷ್ಟೂ ಇಲ್ಲ. ಹೊಟ್ಟೆಗೆ ಬೀಳೋದು ಭಾರ ಕಣೇ, ಪಾತ್ರೆ ಅಲ್ಲ."

ಕಣ್ಣಿಲ್ಲದ ಮನುಷ್ಯನಿಗೆ ಒಂದು ಸಲ ಎತ್ತಿದ್ದರಲ್ಲೇ ತಿಳಿದದ್ದು ಕಣ್ಣಿದ್ದ ಊರಿಗೆ ಆರು ತಿಂಗಳಾದರೂ ತಿಳಿಯಲಿಲ್ಲ. ಕುದುರೆಗಳ ಪಕ್ಕೆಲುಬು ಎದ್ದವು. ಜನರ ದನಿ ಕುಗ್ಗುತ್ತಾ ಬಂತು. ಇದಕ್ಕೆ ಊರು ಏನು ಮಾಡಿತು ಅಂದುಕೊಂಡಿರಿ? ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿತು. ಶುಂಠಿ ಜಗಿಯಿತು. ಜ್ಯೇಷ್ಠಮಧುವಿನ ಬೇರು ಅಂಗಡಿಯಲ್ಲಿ ಸಿಗದಂತಾಯಿತು. ಈ ಸಲದ ಗಾಳಿ ಸರಿಯಿಲ್ಲ ಎಂದು ಎಲ್ಲರೂ ಕತ್ತಿಗೆ ಬಟ್ಟೆ ಸುತ್ತಿಕೊಂಡು, ಎಲುಬಿನ ಗೂಡಾದ ಕುದುರೆಯ ಮೇಲೆ ಕೂತು, ವೈದ್ಯರ ಮನೆಗೆ ಹೋದರು. ಕೆಳಗೆ ಬಗ್ಗಿ ನೋಡಿದವನು ಒಬ್ಬನೂ ಇಲ್ಲ. ಸಂಪಂಗಿರಾಯರ ದನಿ ಮಾತ್ರ ಎಂದಿನಂತೆ ಮೂರು ಬೀದಿಗೆ ಕೇಳಿಸುತ್ತಿತ್ತು. ಅವರ ಹಿತ್ತಲಿನ ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಹಳೆಯ ಹುರುಳಿ ಇತ್ತು.

ನಾನು ದಾಣಿ ಮನೆಗೆ ಹೋದೆ. ಮನೆಯಲ್ಲಿ ಡಬ್ಬಿಯ ತಳದಲ್ಲಿ ಉಳಿದಿದ್ದ ಒಂದು ಸೇರು ಹುರುಳಿಯನ್ನು ಒಂದು ಚೀಲಕ್ಕೆ, ಒಂದು ಸೇರು ಬೂಸವನ್ನು ಇನ್ನೊಂದು ಚೀಲಕ್ಕೆ ಹಾಕಿ, ಒನಕೆಯ ಎರಡು ತುದಿಗೆ ಕಟ್ಟಿ, ಮಧ್ಯೆ ಹಿಡಿದು ಎತ್ತಿ ತೋರಿಸಿದೆ. ಹುರುಳಿಯ ತುದಿ ನೆಲಕ್ಕೆ ಕುಕ್ಕಿತು. ಬೂಸದ ತುದಿ ರಾಯರ ಮೂಗಿನವರೆಗೆ ಎದ್ದಿತು.

"ನೋಡಿ ರಾಯರೇ. ಎರಡೂ ಒಂದೊಂದೇ ಸೇರು."

"ಹೌದಲ್ಲಮ್ಮ, ನೀವೇ ಹೇಳ್ತಿದ್ದೀರಿ ಎರಡೂ ಒಂದೊಂದೇ ಸೇರು ಅಂತ. ಮತ್ತೆ ತಕರಾರು ಏನು?"

"ಒಂದು ಭಾರ, ಒಂದು ಹಗುರ. ಕಾಣ್ತಿಲ್ವಾ?"

"ಒನಕೆ ಡೊಂಕಾಗಿದೆ" ಎಂದರು ರಾಯರು. ಸುತ್ತ ನಿಂತವರು ಒನಕೆಯನ್ನು ಪರೀಕ್ಷಿಸಿದರು. ಒಬ್ಬ ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ, ಹೌದು ಸ್ವಲ್ಪ ಡೊಂಕಿದೆ ಎಂದ. ನನಗೆ ಆ ಒನಕೆಯಿಂದ ಮಾಡಬೇಕೆನಿಸಿದ್ದು ಬೇರೆಯೇ. ಮಾಡಲಿಲ್ಲ.

ಆಮೇಲೆ ಸೀತಾಪತಿ ಮೇಷ್ಟ್ರು ಎದ್ದರು. ಶಾಲೆಯ ಮೇಷ್ಟ್ರು, ಓದಿದವರು. ನಾನು ಹೇಳಿದ್ದನ್ನೇ ಎರಡು ವಾರ ಬಿಟ್ಟು ತಮಗೇ ಹೊಳೆದದ್ದೆಂಬಂತೆ ಹೇಳಿದರು. ಅಳೆಯುವುದು ಅನಾಗರಿಕ, ತೂಗುವುದು ನಾಗರಿಕ ಎಂದರು. ಎಲ್ಲಿಂದಲೋ ಒಂದು ತಕ್ಕಡಿ ತರಿಸಿದರು. ಊರು ಎರಡು ಪಕ್ಷವಾಯಿತು. ಸೇರಿನ ಪಕ್ಷದವರು ತಲೆಗೆ ಹಳದಿ ವಸ್ತ್ರ ಸುತ್ತಿಕೊಂಡರು, ತಕ್ಕಡಿ ಪಕ್ಷದವರು ನೀಲಿ. ಎರಡು ಪಕ್ಷದವರ ದನಿಯೂ ಅಷ್ಟು ಹೊತ್ತಿಗೆ ಸೊಳ್ಳೆಯ ದನಿಯಾಗಿದ್ದರಿಂದ ಜಗಳ ಮಾತ್ರ ಬಹಳ ಮರ್ಯಾದೆಯಿಂದ ನಡೆಯಿತು. ಕೊನೆಗೆ ರಾಯರೇ ದೊಡ್ಡ ಮನಸ್ಸು ಮಾಡಿದರು. ತೂಗಿ, ನನ್ನದೇನೂ ಅಡ್ಡಿಯಿಲ್ಲ, ಮೂರು ಸೇರು ಹುರುಳಿಯ ಭಾರದ ಕಲ್ಲು ಇಟ್ಟು ಅದಕ್ಕೆ ಸರಿಯಾಗಿ ಬೂಸ ತೂಗಿ ಕೊಡಿ, ಆದರೆ ದಾಣಿಯನ್ನು ನೆನೆಸದೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ ಎಂದರು. ಮೇಷ್ಟ್ರು ತಟ್ಟೆ ಉಜ್ಜುವುದರಲ್ಲಿ, ಮುಳ್ಳು ಹೇಗೆ ನಿಲ್ಲುತ್ತದೆ ಎಂದು ವಿವರಿಸುವುದರಲ್ಲಿ ಮುಳುಗಿದ್ದರು. ಒಪ್ಪಿಕೊಂಡರು. ಬೂಸವನ್ನು ಮುಂಜಾನೆ ತೊಟ್ಟಿಯಲ್ಲಿ ನೆನೆಹಾಕಿ, ನೆಂದ ಮೇಲೆ ತೂಗಿದರು.

ಆ ದಿನ ಜನ ಭಾರವಾದ ಚೀಲ ಹೊತ್ತುಕೊಂಡು ಕುಣಿಯುತ್ತಾ ಮನೆಗೆ ಹೋದದ್ದನ್ನು ನಾನು ಮರೆಯುವುದಿಲ್ಲ. ನನ್ನ ಗಂಡ ಚೀಲ ಎತ್ತಿದರು. ಮುಖ ಅರಳಿತು. ಆಮೇಲೆ ಒಂದು ಹಿಡಿ ತೆಗೆದು ಹಿಂಡಿದರು. ನೀರು ಮೊಣಕೈವರೆಗೆ ಇಳಿಯಿತು.

"ನೀರು ತೂಗಿ ಕೊಟ್ಟಿದ್ದಾರೆ ಕಣೇ" ಎಂದರು. ಅವರ ದನಿ ಅಷ್ಟು ಹತ್ತಿರದಲ್ಲೂ ಸರಿಯಾಗಿ ಕೇಳಿಸಲಿಲ್ಲ.

ಮರುದಿನ ಹೋಗಿ ರಾಯರ ಮುಂದೆ ನಿಂತು ನಾನು ಅರ್ಧ ಗಂಟೆ ಮಾತಾಡಿದೆ. ಬೂಸ ತನ್ನ ಮೂರರಷ್ಟು ನೀರು ಕುಡಿಯುತ್ತದೆ, ಒಣಗಿದ್ದಾಗ ತೂಗಿ ಎಂದೆ. ರಾಯರು ಕಿವಿಗೆ ಕೈ ಹಚ್ಚಿ, "ಏನಮ್ಮ? ಸ್ವಲ್ಪ ಜೋರಾಗಿ ಹೇಳಿ" ಎಂದರು. ಮೂರು ಸಲ ಹಾಗೆಂದರು. ಊರಿನ ಪುಸ್ತಕದಲ್ಲಿ ಬರೆಸಿದರು: ಈ ಬಗ್ಗೆ ಯಾರ ಆಕ್ಷೇಪಣೆಯೂ ಕೇಳಿಬಂದಿಲ್ಲ.

ಇಷ್ಟರಲ್ಲಿ ಸೇತುವೆ ರಿಪೇರಿಯಾಯಿತು. ಹುರುಳಿಯ ಗಾಡಿಗಳು ಮುಂದಿನ ವಾರ ಬರುತ್ತವೆಂದು ಸುದ್ದಿ ಬಂತು. ಇನ್ನು ದಾಣಿಯನ್ನು ಹೇಗೆ ಕೊಡಬೇಕೆಂದು ಒಂದೇ ಸಲ ತೀರ್ಮಾನಿಸಿಬಿಡಲು ರಾಯರು ಸಭೆ ಕರೆದರು. ಸಭೆಯ ಹಿಂದಿನ ಸಂಜೆ ಅವರ ಆಳು ನಮ್ಮ ಮನೆಗೆ ಒಂದು ಚೀಲ ಹೊತ್ತು ತಂದ. ಹಗೇವಿನ ಹುರುಳಿ.

"ರಾಯರು ಕೊಟ್ಟವ್ರೆ ಹೊನ್ನಕ್ಕ. ನಾಳೆ ಸಭೆಗೆ ನೀವು ದಣೀಕೊಂಡು ಬರೋದು ಬ್ಯಾಡವಂತೆ."

ನಾಚಿಕೆಗೆಟ್ಟ ಕೆಲಸ. ಅವನದಲ್ಲ, ನನ್ನದು. ನಾನು ಚೀಲ ಇಳಿಸಿಕೊಂಡು ಆಯ್ತು ಎಂದೆ. ಬೂದಿ ಎರಡು ದಿನದಿಂದ ಗೋಡೆಗೆ ಒರಗಿಕೊಂಡೇ ನಿಲ್ಲುತ್ತಿತ್ತು. ರಾಯರಿಗೆ ಕೊಟ್ಟ ಮಾತನ್ನು ಉಳಿಸಿಕೊಳ್ಳುವ ಯೋಚನೆಯಂತೂ ನನಗೆ ಒಂದು ಗಳಿಗೆಯೂ ಇರಲಿಲ್ಲ. ಬೂದಿ ತಿನ್ನಲಿ, ನನ್ನ ದನಿ ಬರಲಿ, ಅದೇ ದನಿಯಲ್ಲಿ ಅವರ ಮುಖದ ನೀರಿಳಿಸುತ್ತೇನೆ ಎಂದುಕೊಂಡೆ.

ನನ್ನ ಗಂಡ ಚೀಲವನ್ನು ಎತ್ತಿ ನೋಡಿದರು. "ಹತ್ತು ಸೇರು ಇದೆ. ಹೊನ್ನೀ, ಇವತ್ತೇ ಒಂದು ಹಿಡಿ ನೆನೆಹಾಕಿಡು. ನಾಳೆ ನಾನೇ ಕೈಯಲ್ಲಿ ತೂಗಿ ಕೊಡ್ತೀನಿ. ಹಸಿದ ಹೊಟ್ಟೆ, ಹಿಡಿ ಹಿಡಿ ಹೆಚ್ಚಿಸ್ಬೇಕು. ನಾನು ಬರೋವರ್ಗೂ ಏನೂ ಹಾಕ್ಬೇಡ." ಬೆಳಗ್ಗೆ ಅವರು ಹೊಲಿದ ಜೀನನ್ನು ಹೆಗಲಿಗೆ ಹಾಕಿಕೊಂಡು, ಕೋಲೂರಿಕೊಂಡು, ಮೇಲುಬೀದಿಯ ಗಿರಾಕಿಗೆ ಮುಟ್ಟಿಸಲು ಹೋದರು.

ನಾನು ನೆನೆಹಾಕಿರಲಿಲ್ಲ. ನೆನೆಸುವುದೆಂದರೆ ನನಗೆ ಮೈ ಉರಿಯುತ್ತಿತ್ತು. ತಿಂಗಳಿಂದ ಆ ತೊಟ್ಟಿ, ಆ ನೀರು, ಆ ತಕ್ಕಡಿಯನ್ನು ಬೈದು ಬೈದು, ನೀರು ಮುಟ್ಟಿಸದ ಕಾಳೇ ನಿಜವಾದ ಕಾಳು ಎಂಬಂತಾಗಿತ್ತು. ಸಭೆಗೆ ಹೊತ್ತಾಗುತ್ತಿತ್ತು. ಹುರುಳಿಯ ವಾಸನೆಗೆ ಬೂದಿ ಗೋಡೆ ಬಿಟ್ಟು ನಿಂತು ಕಾಲು ಕೆರೆಯಿತು. ನಾನು ಮನೆಯ ಸೇರು ತೆಗೆದುಕೊಂಡೆ. ತುಂಬಿ, ಕೋಲೆಳೆದು, ಗೋದಲಿಗೆ ಸುರಿದೆ. ಇನ್ನೊಂದು. ಇನ್ನೊಂದು. ಇಪ್ಪತ್ತು ವರ್ಷದಿಂದ ನನ್ನ ಕೈ ಅಷ್ಟೇ ಸಲ ಬಗ್ಗಿ ಎದ್ದಿದೆ. ಆಮೇಲೆ ಒಂದು ಕೊಡ ನೀರನ್ನೂ ಮುಂದಿಟ್ಟೆ.

ಬೂದಿ ಅಗಿಯತೊಡಗಿದ ಹಾಗೆ ನನ್ನ ಗಂಟಲು ಬಿಚ್ಚಿತು. ಸೀರೆ ಬದಲಾಯಿಸುವಾಗ ಸುಮ್ಮನೆ ಒಂದು ಸಲ ಕೆಮ್ಮಿದೆ. ಪಾತ್ರೆಗಳು ಅದುರಿದವು. ಹೊಸಿಲು ದಾಟಿ ಮೆಟ್ಟಿಲ ಮೇಲೆ ನಿಂತು "ಎಲೈ ಹಳದಿ ತಲೆಗಳಾ, ನೀಲಿ ತಲೆಗಳಾ, ಎಲ್ಲ ಬನ್ನಿ ದಾಣಿ ಮನೆಗೆ" ಎಂದು ಕೂಗಿದೆ. ಕೊನೆಯ ಮನೆಯ ಬಾಗಿಲೂ ತೆರೆಯಿತು. ನನ್ನ ಜೀವಮಾನದಲ್ಲಿ ಅಷ್ಟು ಸಂತೋಷವಾದದ್ದು ಇನ್ನೊಂದಿಲ್ಲ, ಸುಳ್ಳೇಕೆ ಹೇಳಲಿ.

ದಾಣಿ ಮನೆಯ ಅಂಗಳದಲ್ಲಿ ನನ್ನನ್ನು ಕಂಡು ರಾಯರ ಮುಖ ಬಿಳಿಚಿತು. ನಾನು ಶುರುಮಾಡಿದೆ. ಸೇರನ್ನು ಬೈದೆ, ಸೇರಿನ ದಿಂಬನ್ನು ಬೈದೆ, ತಕ್ಕಡಿಯನ್ನು ಬೈದೆ, ಹಗೇವನ್ನು ಎಲ್ಲರ ಮುಂದೆ ಬಿಚ್ಚಿಟ್ಟೆ. ಬೂಸಕ್ಕೆ ಒಂದು ಭಾರ, ಹುರುಳಿಗೆ ಒಂದು ಭಾರ, ಒಣಗಿದ್ದಾಗ ತೂಗಬೇಕು, ತೂಗಿದ ಮೇಲೆ ನೆನೆಸಬೇಕು ಎಂದು ಎಳೆಯ ಮಕ್ಕಳಿಗೆ ಹೇಳುವ ಹಾಗೆ ಬಿಡಿಸಿ ಹೇಳಿದೆ. ಜನ ತಲೆದೂಗಿದರು. ಮೇಷ್ಟ್ರು ಬರೆದುಕೊಂಡರು. ಆಗ ಹಿಂದಿನಿಂದ ಯಾರೋ ಬಡಪಾಯಿ ಎದ್ದು, ಕಷ್ಟಪಟ್ಟು ದನಿ ತೆಗೆದು ಕೇಳಿದ. "ಅಲ್ಲ ಹೊನ್ನಮ್ಮಾರೇ, ಇಷ್ಟೆಲ್ಲ ಯಾತಕ್ಕೆ? ಹೇಗಿದ್ರೂ ಹುರುಳಿ ಬತ್ತಾ ಐತಲ್ಲ. ಬಂದ ದಿನದಿಂದ ಮೊದಲಿನಂಗೆ ಮೂರು ಸೇರು ಹಾಕಿದ್ರಾಯ್ತು."

"ಅಯ್ಯೋ ದಡ್ಡ ಮುಂಡೇದೇ" ಎಂದೆ. ಅಂಗಳವೆಲ್ಲ ನಕ್ಕಿತು. "ಒಂದು ವರ್ಷ ಬೂಸ ತಿಂದ ಹೊಟ್ಟೆ ಅದು. ಅದಕ್ಕೆ ಒಂದೇ ಸಲ ಮೂರು ಸೇರು ಹುರುಳಿ ಸುರಿದ್ರೆ, ಅದೂ ಒಣ ಹುರುಳಿ, ಒಳಗೆ ನೀರು ಬಿದ್ದು ಉಬ್ಬಿ, ಹೊಟ್ಟೆ..."

ಅಲ್ಲಿಗೆ ನನಗೆ ನನ್ನ ಮಾತು ಕೇಳಿಸಿತು. ಮುಂದಿನ ಮಾತಿಗೆ ಬಾಯಿ ತೆರೆದರೆ ದನಿ ಅರ್ಧವಾಗಿತ್ತು. ಮಾತು ಮುಗಿಯಿತು ಎಂದುಕೊಂಡು ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆಯೇ ನಾನು ಮನೆಗೆ ಓಡಿದೆ.

ನನ್ನ ಗಂಡ ಆಗಲೇ ಬಂದಿದ್ದರು. ಬೂದಿಯ ಹಗ್ಗ ಹಿಡಿದು ಹಿತ್ತಲಲ್ಲಿ ಸುತ್ತು ಹಾಕಿಸುತ್ತಿದ್ದರು. ಅದು ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದೆಯುತ್ತಿತ್ತು, ಕುತ್ತಿಗೆಯಿಂದ ಬೆವರು ಇಳಿಯುತ್ತಿತ್ತು. ಮೂರನೆಯ ಸುತ್ತಿಗೆ ಮಂಡಿಯೂರಿ ಬಿದ್ದು ಹೊರಳಿತು. ಅವರು ಅದರ ಪಕ್ಕದಲ್ಲೇ ಕೂತು ಹೊಟ್ಟೆಯ ಮೇಲೆ ಕೈಯಿಟ್ಟರು. ನನ್ನ ಹೆಜ್ಜೆ ಗೊತ್ತಾಗಿ ಮುಖ ಎತ್ತಿದರು.

"ಹೊನ್ನೀ, ಏನು ಹಾಕ್ದೆ ಇದಕ್ಕೆ? ಎಷ್ಟು ಹಾಕ್ದೆ?"

ನನ್ನ ಗಂಟಲಲ್ಲಿ ಇನ್ನೆರಡು ಮೂರು ಮಾತಿಗೆ ಆಗುವಷ್ಟು ದನಿ ಉಳಿದಿತ್ತು. ಊರಿನ ಮುಂದೆ ಅಷ್ಟೆಲ್ಲ ನಿಜ ಹೇಳಿ ಬಂದವಳು ನಾನು. ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ. "ದಾಣಿ ಮನೆ ಬೂಸ ಕಣ್ರೀ. ಹಳಸಿತ್ತೇನೋ. ರಾಯರು ಕೊಂದ್ರು."

ಅವರು ಬೂದಿಯ ಹೊಟ್ಟೆಗೆ ಕಿವಿಯಿಟ್ಟು ಕೇಳಿದರು. ಆಮೇಲೆ, "ಊರೋರು ನಿನ್ನ ಮಾತು ಕೇಳ್ಬೇಕಾಗಿತ್ತು" ಎಂದರು. ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು. ಮಧ್ಯಾಹ್ನದ ಬಿಸಿಲು ಹಿತ್ತಲಿನ ಗೋಡೆ ಮುಟ್ಟುವಷ್ಟರಲ್ಲಿ ಬೂದಿಯ ಉಸಿರು ನಿಂತಿತು. ಅವರು ನನ್ನನ್ನು ಕೂಗಲು ಬಾಯಿ ತೆರೆದದ್ದನ್ನು ನೋಡಿದೆ. ತುಟಿ ನನ್ನ ಹೆಸರಿನ ಆಕಾರಕ್ಕೆ ಬಂತು, ಅಷ್ಟೇ.

ಬಹಳ ಹೊತ್ತು ಅವರು ಕುದುರೆಯ ಕುತ್ತಿಗೆ ಸವರುತ್ತಾ ಕೂತಿದ್ದರು. ನಾನು ಅವರ ಎದುರಿಗೇ ನಿಂತಿದ್ದೆ. ನಿಂತಿದ್ದೇನೆಂದು ಅವರಿಗೆ ತಿಳಿಸುವ ದಾರಿ ತೋಚಲಿಲ್ಲ. ಆಮೇಲೆ ಅವರು ಎದ್ದರು. ಗೋದಲಿಯ ತಳದಲ್ಲಿ ಕೈಯಾಡಿಸಿದರು. ಬೆರಳಿಗೆ ಸಿಕ್ಕಿದ ಎರಡು ಮೂರು ಕಾಳನ್ನು ಉಗುರಿನಿಂದ ಒತ್ತಿ ನೋಡಿದರು. ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮೂಲೆಯಲ್ಲಿದ್ದ ಚೀಲವನ್ನು ತಡಕಿ, ಎರಡೂ ಕೈ ಅಡಿಗೆ ಹಾಕಿ, ಎದೆಯ ಮಟ್ಟಕ್ಕೆ ಎತ್ತಿದರು. ಹಾಗೇ ಹಿಡಿದುಕೊಂಡು ನಿಂತರು. ಇಳಿಸಿದರು.

ನನ್ನ ಉಸಿರಿನ ಸದ್ದು ಹುಡುಕಿಕೊಂಡು ಬಂದು ನನ್ನ ಮುಂದೆ ನಿಂತು, ಕೈ ಎತ್ತಿ ಮೂರು ಬೆರಳು ತೋರಿಸಿದರು.

ನಾನು ಹೌದೆಂದು ತಲೆಯಾಡಿಸಿದೆ. ಅವರ ಬೆರಳು ಹಾಗೆಯೇ ಇತ್ತು. ಕಾಯುತ್ತಿದ್ದರು. ನಾನು ಆ ಕೈಯನ್ನು ಹಿಡಿದು ನನ್ನ ತಲೆಯ ಮೇಲೆ ಇಟ್ಟುಕೊಂಡು ಇನ್ನೊಮ್ಮೆ ತಲೆಯಾಡಿಸಿದೆ.